ಮಾನಿಟರ್ ಜೋಡಿಸುವ ಪುಂಡಲೀಕ

ಹಳಿಯಾಳದಿಂದ ದಾಂಡೇಲಿಯವರೆಗೆ ಯಾರ ಮನೆಯ ಹಳೇ ಕಂಪ್ಯೂಟರಿಗೆ ಹೊಸ ಮಾನಿಟರ್ ಜೋಡಿಸಬೇಕಾದರೂ ಪುಂಡಲೀಕನೇ ಬರಬೇಕು. ಬಂದವನು ಮೊದಲು ಸ್ವಿಚ್ಚು ಆರಿಸುತ್ತಾನೆ, ಆಮೇಲೆ ಚಪ್ಪಲಿ ಬಿಡುತ್ತಾನೆ. ಕಂಪ್ಯೂಟರಿನ ಡಬ್ಬಿಯ ಬೆನ್ನಿನ ಧೂಳು ಊದಿ, "ಹಳೇದು ಸತ್ತಿಲ್ರಿ, ಬಾಯಿ ಬಿದ್ದೈತಿ ಅಷ್ಟ" ಎನ್ನುತ್ತಾನೆ. ಹಳೇ ಕಂಪ್ಯೂಟರಿನ ನೀಲಿ ಪಿನ್ನು ಹೊಸ ಮಾನಿಟರಿಗೆ ಕೂಡದಿದ್ದರೆ ಅಂಗಿಯ ಜೇಬಿನಿಂದ ಎರಡನ್ನೂ ಕೂಡಿಸುವ ಕನ್ವರ್ಟರ್ ತೆಗೆಯುತ್ತಾನೆ. ಮದುವೆಗೆ ಹೋದರೂ ಅದು ಆ ಜೇಬಿನಲ್ಲೇ ಇರುತ್ತದೆ. ಕೇಬಲ್ಲಿನ ಎರಡೂ ತಿರುಪುಗಳನ್ನು ಬೆರಳಿನಿಂದಲೇ ಬಿಗಿಯುತ್ತಾನೆ. "ಎಷ್ಟ ದಿನಾ ಬರ್ತೈತಿ?" ಎಂದು ಕೇಳಿದರೆ ಮಾತ್ರ ಸಿಟ್ಟು: "ನಮ್ಮಪ್ಪಗೂ ಗ್ಯಾರಂಟಿ ಕೊಟ್ಟಿಲ್ರಿ ನಾ!" ಅಗಲ ಪರದೆಯಲ್ಲಿ ಮುಖಗಳು ಅಡ್ಡಡ್ಡ ಹಿಗ್ಗಿದರೆ, ಅವನ್ನು ಅಳತೆಗೆ ತಾರದೆ ಅವನು ಚಹಾ ಮುಟ್ಟುವವನಲ್ಲ. ಮೊನ್ನೆ ದಾಂಡೇಲಿಯಲ್ಲಿ ನೀಲಕ್ಕನ ಮನೆಯ ಹೊಸ ಪರದೆ ಬೆಳಗಿದಾಗ ಅವಳ ಗಂಡನ ಮುಖ ಮೂಡಿತು. ಬೇನೆಯಲ್ಲಿ ಸೊರಗಿ ಸೊರಗಿ ಕಳೆದ ವರ್ಷ ತೀರಿಕೊಂಡವರು. ಅದು ಅವರ ಕೊನೆಯ ವಾರದ ಫೋಟೊ. ಆದರೆ ಹಿಗ್ಗಿದ ಚಿತ್ರದಲ್ಲಿ ಗುಳಿಬಿದ್ದ ಕೆನ್ನೆಗಳು ತುಂಬಿಕೊಂಡಿದ್ದವು. ಅಳತೆ ಸರಿಮಾಡಲು ಪುಂಡಲೀಕ ಮೌಸಿಗೆ ಕೈ ಹಾಕಿದ. "ಬ್ಯಾಡೊ ತಮ್ಮಾ, ಹಂಗ ಇರ್ಲಿ. ಬ್ಯಾನಿ ಬರೂಕಿಂತ ಮದ್ಲ ಹಿಂಗ ಇದ್ರು," ಎಂದಳು ನೀಲಕ್ಕ. ಅವನು ಕೈ ತೆಗೆದ. ಅವಳು ಪರದೆಯಿಂದ ಕಣ್ಣು ಕೀಳದೆ ಮೆಲ್ಲಗೆ ಕೇಳಿದಳು, "ನೀ ಹೋದಮ್ಯಾಲೆ ಮತ್ತ ಸೊರಗೂದಿಲ್ಲ, ಹೌದಿಲ್ಲೊ?" ಪುಂಡಲೀಕ ಆರಿದ ಚಹಾವನ್ನು ಕೈಗೆತ್ತಿಕೊಂಡ. "ಇಲ್ಲಕ್ಕಾ," ಎಂದ, "ಇದಕ್ಕ ಗ್ಯಾರಂಟಿ ಕೊಡ್ತೇನಿ."