ಶರಣಮ್ಮನ ರಕ್ತ ಹೇಳಿದ್ದು

"ಕನ್ನಡದಾಕಿ ಅಂತೀರಿ, ಮತ್ತ ಇದ್ಯಾವ ಮಾತ್ರೀ?"

ದೇವದುರ್ಗದಲ್ಲಿ ಬಾಡಿಗೆ ಮನೆ ಕೇಳಲು ಹೋದ ದಿನ ಮನೆಯೊಡತಿ ಶರಣಮ್ಮ ನನ್ನನ್ನು ಕೇಳಿದ್ದು ಹೀಗೆ. ಚಾಮರಾಜನಗರದಿಂದ ಬಂದಿದ್ದ ನಾನು ನನ್ನದೇ ರಾಜ್ಯದಲ್ಲಿ ಪರದೇಶಿಯಾಗಿ ನಿಂತಿದ್ದೆ.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವುದು ನನ್ನ ಕೆಲಸ. ರೋಗಿಗಳು 'ಬ್ಯಾನಿ' ಎಂದರೆ ಕಾಯಿಲೆ ಎಂದು ತಿಳಿಯುವುದಕ್ಕೇ ದಿನಗಳು ಹಿಡಿದವು. ನಮ್ಮ ಕಡೆ ಮುದ್ದೆಯನ್ನು ನುಂಗುತ್ತೇವೆ, ಇಲ್ಲಿ ಜೋಳದ ರೊಟ್ಟಿಯನ್ನು ಅಗಿಯಬೇಕು. ಒಂದು ಸಂಜೆ ನಾನು ಒಬ್ಬಳೇ ಅಳುವುದನ್ನು ಕಂಡ ಶರಣಮ್ಮ ಒಲೆ ಮುಂದೆ ಕೂರಿಸಿಕೊಂಡು ರೊಟ್ಟಿ ಬಡಿಯಲು ಕಲಿಸಿದರು. ಹರಿಯದೆ ಬಂದ ನನ್ನ ಮೊದಲ ರೊಟ್ಟಿಯನ್ನು ಅಕ್ಕಪಕ್ಕದ ಮನೆಗಳಿಗೆಲ್ಲ ತೋರಿಸಿ ಬಂದರು.

ಅವರ ಗಂಡ ತೀರಿಕೊಂಡು ಆರು ವರ್ಷವಾಗಿತ್ತು. ಮನೆಯಲ್ಲಿ ಒಂದು ಫೋಟೊ ಕೂಡ ಇರಲಿಲ್ಲ. ಯಾಕೆಂದು ಕೇಳಿದೆ.

"ಕುಡುಕ ಇದ್ದ. ಹೊಟ್ಟಿ ಉಬ್ಬಿ ಸತ್ತ. ಕುಡಿದಿಲ್ಲ ಅಂತ ಸಾಯೂತನಕ ಸುಳ್ಳ ಹೇಳಿದ. ಕಡೀಕ ನಾ ಮಾತ ಬಿಟ್ಟಿದ್ದೆ."

ಎರಡನೆಯ ವರ್ಷ ಶರಣಮ್ಮ ಆಗಾಗ "ಮೈಯಾಗ ಶಕ್ತಿನ ಇಲ್ಲ ಯವ್ವಾ" ಎನ್ನತೊಡಗಿದರು. ದಿನವಿಡೀ ಊರವರ ರಕ್ತ ನೋಡುತ್ತಿದ್ದ ನಾನು ಅವರಿಗೊಂದು ಟಾನಿಕ್ ತಂದುಕೊಟ್ಟು ಸುಮ್ಮನಾದೆ. ಕಾಲು ಬಾತು ಕಣ್ಣು ಹಳದಿಯಾದ ಮೇಲೆಯೇ ಆಸ್ಪತ್ರೆಗೆ ಕರೆದೊಯ್ದದ್ದು. ಹೆಪಟೈಟಿಸ್ ಸಿ ಪರೀಕ್ಷೆಯ ಪಟ್ಟಿಯ ಮೇಲೆ ಎರಡನೆಯ ಗೆರೆ ಮೂಡಿತು: ಲಿವರ್ ಕೆಡಿಸುವ ವೈರಸ್ ರಕ್ತದಲ್ಲಿತ್ತು. ರಾಯಚೂರಿನ ವೈದ್ಯರು ಮರೆಮಾಚಲಿಲ್ಲ: ಮಾತ್ರೆಯಿಂದ ವೈರಸ್ ಹೋಗುತ್ತದೆ, ಆದರೆ ಲಿವರ್ ಆಗಲೇ ಗಟ್ಟಿಯಾಗಿದೆ, ತುಂಬಾ ತಡವಾಯಿತು.

"ಇದು ಕುಡುಕರ ಬ್ಯಾನಿ ಅಲ್ಲೇನು? ನಂಗ್ಯಾಕ ಬಂತು?" ಮರಳುವಾಗ ಬಸ್ಸಿನಲ್ಲಿ ಶರಣಮ್ಮ ಕೇಳಿದರು.

ಕುಡಿಯದವರಿಗೂ ಬರುತ್ತದೆ, ಒಬ್ಬರಿಗೆ ಚುಚ್ಚಿದ ಸೂಜಿಯನ್ನೇ ಇನ್ನೊಬ್ಬರಿಗೆ ಚುಚ್ಚಿದರೆ ಸಾಕು, ವರ್ಷಗಟ್ಟಲೆ ಗೊತ್ತೇ ಆಗುವುದಿಲ್ಲ ಎಂದೆ.

"ಮಸರಕಲ್‌ದಾಗ, ನಮ್ಮ ಹಳ್ಳ್ಯಾಗ ಇದ್ದಾಗ ಒಬ್ಬಾವ ಸೂಜಿ ಮಾಡಾಕ ಬರ್ತಿದ್ದ. ಜ್ವರ ಬಂದಾಗ ನಮ್ಮಿಬ್ಬರಿಗೂ ಒಂದ ಸೂಜಿಲೆ ಮಾಡ್ತಿದ್ದ." ನನ್ನ ಕೈ ಹಿಡಿದರು. "ಹಂಗಾರ ನನ್ನ ಗಂಡ ಖರೇನ ಕುಡಿದಿದ್ದಿಲ್ಲೇನು?"

ಆತನ ರಕ್ತವನ್ನು ಯಾರೂ ಪರೀಕ್ಷಿಸಿರಲಿಲ್ಲ. "ಇರಬಹುದು" ಎಂದಷ್ಟೇ ಹೇಳಿದೆ. ದೇವದುರ್ಗ ಬರುವವರೆಗೂ ಅವರು ಸೆರಗು ಬಾಯಿಗೊತ್ತಿಕೊಂಡೇ ಕೂತಿದ್ದರು.

ಮರುವಾರ ಮಸರಕಲ್‌ಗೆ ಹೋದೆವು. ಹೊಲದ ಬದುವಿನಲ್ಲಿ ಗಂಡನನ್ನು ಮಣ್ಣು ಮಾಡಿದ್ದ ಜಾಗದಲ್ಲಿ ಶರಣಮ್ಮ ಕುಸಿದು ಕೂತರು.

"ಸಾಯೂ ಮುಂದ ನೀರ ಕೇಳಿದಿ. ಆ ಹೊತ್ತಿನ್ಯಾಗೂ ನಾ ಮಾತಾಡಲಿಲ್ಲ. ನೀರಿನ ಚರಿಗಿ ಇಟ್ಟು ಹೊರಗ ಹೋದೆ. ನಾ ನಂಬಲಿಲ್ಲೋ ಯಪ್ಪಾ."

ನಾನು ತುಸು ದೂರದಲ್ಲಿ ನಿಂತಿದ್ದೆ. ಹತ್ತಿರ ಹೋಗಲು ಧೈರ್ಯವಾಗಲಿಲ್ಲ.

ಮಾತ್ರೆ ಶುರುವಾದರೂ ನಾಲ್ಕು ತಿಂಗಳಿಗೆ ಶರಣಮ್ಮ ರಕ್ತ ಕಾರಿಕೊಂಡು ಹೋಗಿಬಿಟ್ಟರು. ಅದಕ್ಕೂ ಮುಂಚೆ ಮನೆಗೆ ಬಂದವರಿಗೆಲ್ಲ "ನನ್ನ ಗಂಡ ಕುಡುಕ ಅಲ್ಲ" ಎನ್ನುತ್ತಿದ್ದರು. ಬಂದವರು ತಲೆಯಾಡಿಸಿ, ಬಾಗಿಲಾಚೆ "ಪಾಪ, ಬ್ಯಾನ್ಯಾಗ ಮಾತಾಡಾಕತ್ತಾಳ" ಎಂದು ಹೋಗುತ್ತಿದ್ದರು.

ಮೊನ್ನೆ ಚಾಮರಾಜನಗರಕ್ಕೆ ವರ್ಗಾವಣೆಯ ಆದೇಶ ಬಂತು. ಅಮ್ಮ ಫೋನಿನಲ್ಲಿ ಸಂತೋಷಪಟ್ಟಳು. ಅಲ್ಲಿ ನನ್ನವರೆಲ್ಲ ಇದ್ದಾರೆ, ಆದರೆ ಶರಣಮ್ಮ ಯಾರೆಂದು ಒಬ್ಬರಿಗೂ ಗೊತ್ತಿಲ್ಲ. ಇಲ್ಲಿ ಆಕೆಯನ್ನು ಎಲ್ಲರೂ ಬಲ್ಲರು, ಆದರೆ ಆಕೆಯ ಮಾತನ್ನು ನಂಬಿದವಳು ನಾನೊಬ್ಬಳೇ. ನಾನೂ ಹೊರಟರೆ ಆಕೆಯ ಗಂಡ ಈ ಊರಿನಲ್ಲಿ ಮತ್ತೆ ಕುಡುಕನಾಗಿಬಿಡುತ್ತಾನೆ.