ಗಿರಿಜತ್ತೆಯ ತೆರೆದ ಕಾರು ಮತ್ತು ಈಸುಳ್ಳಿ

ಕುಣಿಗಲ್ ರಸ್ತೆಯಲ್ಲಿ ಸಂಜೆ ಬೈಕ್ ಓಡಿಸುವವರು ಬಾಯಿ ಬಿಗಿಯಾಗಿ ಮುಚ್ಚಿಕೊಂಡೇ ಓಡಿಸುತ್ತಿದ್ದ ಕಾಲ ಅದು. ಬಾಯಿ ಬಿಟ್ಟರೆ ಹುಳ ಒಳಗೆ. ಅಂಥ ಕಾಲದಲ್ಲಿ ನಮ್ಮ ಗಿರಿಜತ್ತೆ ಮೇಲೆ ಏನೂ ಇಲ್ಲದ ಕಾರು ಇಟ್ಟುಕೊಂಡಿದ್ದಳು.

ಅತ್ತೆ ಅಪ್ಪನ ಅಕ್ಕ, ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ನಮ್ಮ ಮನೆಯ ಮುಂದೆ ನಿಲ್ಲುತ್ತಿದ್ದ ಆ ಹಸಿರು ಕಾರು ತಾತನದು. ಬಟ್ಟೆಯ ಟಾಪು ಎಂದೋ ಹರಿದುಹೋಗಿತ್ತು. ಹತ್ತಿ ಕೂತರೆ ಕಾದ ರೆಕ್ಸಿನ್ನು, ಪೆಟ್ರೋಲು ಬೆರೆತ ವಾಸನೆ. ನನಗೆ ಆ ವಾಸನೆಯೆಂದರೆ ಪ್ರಾಣ.

ಆ ವರ್ಷ ಬೇಸಿಗೆಯಲ್ಲಿ ಅಜ್ಜಿಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ಪಟ್ಟಿ ಬಿಚ್ಚಿದ ದಿನದಿಂದ ಒಂದೇ ಹಟ.

"ನಾನು ಹುಟ್ಟಿದೂರಿನ ಬೆಟ್ಟ ನೋಡ್ಬೇಕು ಕಣೇ ಗಿರಿಜಾ. ಹುತ್ರಿದುರ್ಗಕ್ಕೆ ಕರ್ಕೊಂಡ್ ಹೋಗು. ಬಸ್ ನಂಗಾಗಲ್ಲ, ವಾಂತಿ ಬತ್ತದೆ."

ಕಣ್ಣಿಗೆ ಧೂಳು, ಹುಳ ಏನೂ ಬೀಳಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಅತ್ತೆ ಯೋಚಿಸಿ, "ಒಂದು ತಿಂಗಳು ಟೈಮ್ ಕೊಡಮ್ಮ" ಅಂದಳು.

ಮೊದಲ ಪ್ರಯೋಗ ಗುಬ್ಬಿ ರಸ್ತೆಯಲ್ಲಿ. ಸೀಟುಗಳಿಗೆಲ್ಲ ಉಣ್ಣೆ ದಾರದ ತುಂಡು ಕಟ್ಟಿ, ಹತ್ತು ವರ್ಷದ ನನ್ನನ್ನು ಹಿಂದೆ ಕೂರಿಸಿದಳು. ದಾರ ಯಾವ ಕಡೆ ಹಾರುತ್ತದೋ ನಾನು ಕೂಗಿ ಹೇಳಬೇಕು.

"ಅತ್ತೆ, ಮುಂದಕ್ಕೆ ಹಾರ್ತಾ ಇದೆ!"

"ಸರಿಯಾಗಿ ನೋಡೇ."

"ಮುಂದಕ್ಕೇ ಕಣತ್ತೆ!"

ಕಾರು ನಿಲ್ಲಿಸಿ ನನ್ನ ಕೆನ್ನೆ ಹಿಂಡಿದಳು. "ಗಾಜು ದಾಟಿದ ಗಾಳಿ ಹಿಂದುಗಡೆ ಸುತ್ತಿ ನಮ್ಮ ಬೆನ್ನ ಮೇಲೆ ಬೀಳುತ್ತೆ. ಹುಳಾನೂ ಹಂಗೇ ಬರ್ತವೆ. ಮೇಲೆ ಹೊದಿಸಿದ್ರೆ ಸಾಲ್ದು, ಹಿಂದೇನೂ ಮುಚ್ಬೇಕು." ಆ ಖುಷಿಗೆ ಗುಬ್ಬಿಯಲ್ಲಿ ನನಗೆ ಬಿಸಿ ಬಿಸಿ ಪಕೋಡ ಸಿಕ್ಕಿತು.

ಸೀಟು ಹೊಲಿಯುವ ಬಷೀರಣ್ಣ ಸೊಳ್ಳೆಪರದೆ ಬಟ್ಟೆಯನ್ನು ಬಾಗಿಸಿದ ಕಂಬಿಗಳ ಮೇಲೆ ಹಾಸಿ, ಸುತ್ತ ಪ್ರೆಸ್ ಬಟನ್ ಇಟ್ಟು ಹೊಲಿದುಕೊಟ್ಟ. ದೂರ ನಿಂತು ನೋಡಿ, "ಮೇಡಂ, ಇದು ಕಾರಾ, ತೊಟ್ಲಾ?" ಅಂದ.

ಮೊದಲ ಮಳೆ ಬಿದ್ದ ವಾರ ಹೊರಟೆವು. ಗೂಳೂರು ದಾಟುವಾಗ ಅಜ್ಜಿ ಅಂಗಡಿ ಬೋರ್ಡುಗಳನ್ನೆಲ್ಲ ಜೋರಾಗಿ ಓದುತ್ತಿದ್ದಳು. ಹುತ್ರಿದುರ್ಗದ ಬುಡದಲ್ಲಿ ಇಳಿದವಳು ಬಂಡೆಯೊಂದರ ಮೇಲೆ ಕೂತು ತಲೆ ಎತ್ತಿದಳು. "ಕೋಟೆ ಗೋಡೆ ಕಲ್ಲು ಒಂದೊಂದೂ ಕಾಣ್ತದಲ್ಲೇ" ಎಂದು ಅತ್ತೆಯ ಕೈ ಹಿಡಿದುಕೊಂಡಳು. ಅವಳನ್ನು ಅಲ್ಲಿಂದ ಎಬ್ಬಿಸುವಷ್ಟರಲ್ಲಿ ತಡವಾಯಿತು.

ಕುಣಿಗಲ್ ಕೆರೆ ಏರಿಗೆ ಬಂದಾಗ ಹೊತ್ತು ಮುಳುಗಿತ್ತು. ಹಸಿ ನೆಲದಿಂದ ಈಸುಳ್ಳಿ, ಅಂದರೆ ರೆಕ್ಕೆ ಬಂದ ಗೆದ್ದಲು, ಎದ್ದಿದ್ದವು, ಸಾವಿರ ಸಾವಿರ, ಹೆಡ್‌ಲೈಟಿನ ಬೆಳಕಿಗೆ ರೆಕ್ಕೆಯ ಮಳೆ. ಪರದೆಗೆ ಬಡಿದು ಜಾರುತ್ತಿದ್ದವು. ಅಷ್ಟರಲ್ಲಿ ಚಕ್ರ ಗುಂಡಿಗೆ ಇಳಿದು, ಒಂದು ಕಂಬಿ ಕಿತ್ತುಬಂದು, ಅಜ್ಜಿಯ ಬೆನ್ನ ಹಿಂದೆಯೇ ಪರದೆ ಗೇಣುದ್ದ ಹರಿಯಿತು. ಹುಳ ಒಳಗೆ ನುಗ್ಗಿದವು.

"ಅಯ್ಯೋ ನನ್ ಕಣ್ಣು!" ಅಜ್ಜಿ ಚೀರಿದಳು.

ಅತ್ತೆ ಹೆಡ್‌ಲೈಟ್ ಆರಿಸಿದಳು. "ಅಮ್ಮ, ಕಣ್ಣು ಮುಚ್ಚು. ಉಜ್ಜಬೇಡ." ನನಗೆ, "ನೀನು ಅಜ್ಜಿ ಮುಖಕ್ಕೆ ಸೆರಗು ಹಿಡಿ, ಬಿಡಬೇಡ." ಟಾರ್ಚ್ ಹಿಡಿದು ಏರಿಯ ಮೇಲೆ ಓಡಿ, ದೂರದ ಒಂದು ಕಲ್ಲಿನ ಮೇಲೆ ಅದನ್ನು ಹೊತ್ತಿಸಿಟ್ಟಳು. ಹುಳಗಳ ಮೋಡ ನಿಧಾನವಾಗಿ ಅತ್ತ ತಿರುಗಿತು. ಕೂದಲಲ್ಲಿ, ಕತ್ತಿನಲ್ಲಿ ರೆಕ್ಕೆ ಮೆತ್ತಿಕೊಂಡೇ ವಾಪಸ್ ಬಂದಳು. ಪರ್ಸಿನಿಂದ ಸೂಜಿ ತೆಗೆದು, ಉಳಿದಿದ್ದ ಮಬ್ಬು ಬೆಳಕಿನಲ್ಲಿ ಬೆರಳಲ್ಲೇ ತಡಕಿ ಹರಿದದ್ದನ್ನು ಹೊಲಿದಳು. ನಾನು ಸೆರಗಿನ ಮರೆಯಿಂದ ಅವಳ ಕೈಗಳನ್ನೇ ನೋಡುತ್ತಿದ್ದೆ.

ಹೊರಟಾಗ, "ಅತ್ತೆ, ಟಾರ್ಚು?" ಅಂದೆ.

"ಇರ್ಲಿ ಬಿಡೇ, ಅವಕ್ಕೂ ಬೆಳಕು ಬೇಕಲ್ಲ."

ಮರುದಿನ ಡಾಕ್ಟರು ಅಜ್ಜಿಯ ಕಣ್ಣಿಗೆ ಏನೂ ಆಗಿಲ್ಲ ಅಂದರು. ಅತ್ತೆಯ ಎಡಗಣ್ಣು ಮಾತ್ರ ಊದಿಕೊಂಡಿತ್ತು. ವಾರವಿಡೀ ಕರಿ ಕನ್ನಡಕ ಹಾಕಿಕೊಂಡು ಪಾಠ ಮಾಡಿದಳು. ಯಾಕೆಂದು ಕೇಳಿದವರಿಗೆ, "ಸ್ಟೈಲು" ಅಂದಳಂತೆ.

ಅಜ್ಜಿ ಹೋದಳು, ಅತ್ತೆಯೂ ಹೋದಳು. ಕಾರು ಯಾರದೋ ಶೆಡ್ಡಿನಲ್ಲಿದೆ. ಹೋದ ತಿಂಗಳು ಮೊದಲ ಮಳೆಯ ಮಾರನೇ ಸಂಜೆ, ನನ್ನ ಎಸಿ ಕಾರಿನಲ್ಲಿ ಅದೇ ಏರಿಯ ಮೇಲೆ ಬಂದೆ. ಗಾಜು ತೊಳೆದಿಟ್ಟ ಹಾಗೆ ಸ್ವಚ್ಛ. ಏನೋ ಅನಿಸಿ ನಾಲ್ಕೂ ಕಿಟಕಿ ಇಳಿಸಿದೆ, ಮುಖ ಹೊರಗೆ ಚಾಚಿ ಏರಿಯ ಕೊನೆಯವರೆಗೂ ನಿಧಾನವಾಗಿ ಓಡಿಸಿದೆ. ತಣ್ಣನೆ ಗಾಳಿ ಬಂತು. ಒಂದೇ ಒಂದು ರೆಕ್ಕೆಯೂ ತಾಕಲಿಲ್ಲ.