ಮಾಯವ್ವ ಮುಚ್ಚಗೊಡದ ಬಾವಿ

ಮಚ್ಛೆ ದಾಟಿ ಖಾನಾಪುರ ರಸ್ತೆಗೆ ಹೊಂದಿಕೊಂಡು ಮಾಯವ್ವನ ಎರಡೆಕರೆ ಹೊಲ. ಗಂಡ ಬೀರಣ್ಣ ತೀರಿಕೊಂಡ ಮೇಲೆ ಕುರಿಗಳನ್ನು ಮೈದುನನಿಗೆ ಒಪ್ಪಿಸಿ, ಎರಡು ಎಮ್ಮೆ ಕಟ್ಟಿ, ಪಟ್ಟಣದ ನೆಹರು ನಗರದ ಮನೆಗಳಿಗೆ ಬೆಣ್ಣೆ ಕೊಟ್ಟು ಸಂಸಾರ ನಡೆಸಿದವಳು. ಮಗ ಯಲ್ಲೇಶ ಹತ್ತಿರದ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದ. ಹೊಲದಲ್ಲಿ ತನ್ನದೇ ಒಂದು ಬಾವಿ ಆಗಬೇಕೆಂಬುದು ಅವಳ ಹಟ. ಮಣ್ಣು ಮುಗಿದು ಕರಿಕಲ್ಲು ಹತ್ತಿದಾಗ ಮಗ ಸಾಕು ಅಂದ. ಅವಳು ಕೇಳಲಿಲ್ಲ, ಸಿಡಿಮದ್ದು ಹಾಕಿಸಿ ಕಲ್ಲು ಒಡೆಸಿದಳು.

ಎರಡು ಸಾವಿರದ ಒಂದರ ಜನವರಿಯಲ್ಲಿ ಗುಜರಾತಿನ ನೆಲ ನಡುಗಿತು. ಟಿವಿಯಲ್ಲಿ ಉರುಳಿದ ಮನೆಗಳನ್ನು ನೋಡಿ ಇಲ್ಲಿಯ ಜನರ ಎದೆಯೂ ಅದುರಿತ್ತು. ಅದೇ ದಿನಗಳಲ್ಲಿ, ಬೆಳಗಿನ ಚಳಿಯಲ್ಲಿ, ಬಾಜೂ ಹೊಲದ ದುಂಡಪ್ಪ ಮಾಯವ್ವನ ಬಾವಿಯಿಂದ ಹೊಗೆ ಏಳುವುದನ್ನು ಕಂಡ. ಬಗ್ಗಿ ನೋಡಿದರೆ ಗಂಧಕದ ವಾಸನೆ. ಮೇಲೆ ತಂದು ಹಾಕಿದ ಕಲ್ಲಿನ ತುಂಬ ತೂತು, ಕೆಲವು ತೂತಿನೊಳಗೆ ಬಿಳಿ ಹರಳು. ಮಧ್ಯಾಹ್ನದೊಳಗೆ ಮಾಯವ್ವನ ಬಾವಿಯಲ್ಲಿ ಜ್ವಾಲಾಮುಖಿ ಏಳುತ್ತದೆಂದು ಊರೆಲ್ಲ ಸುದ್ದಿ. ಬಾವಿ ತೋಡುವವರು ಹಾರೆ, ಬುಟ್ಟಿ ಅಲ್ಲೇ ಬಿಟ್ಟು ಹೋದರು.

ಸಂಜೆ ನಾಲ್ಕಾರು ಹಿರಿಯರು ಅಂಗಳಕ್ಕೆ ಬಂದರು. ದುಂಡಪ್ಪನೇ ಮಾತು ತೆಗೆದ.

"ಮಾಯಕ್ಕ, ಸಿಟ್ಟಾಗಬ್ಯಾಡ. ಬಾವಿ ಮುಚ್ಚೂಣು. ನನ್ನ ಮೊಮ್ಮಕ್ಕಳು ಅಂಜಿ ಮಲಗವಲ್ವು."

"ನೀರು ಕಾಣೂತನಕ ಮುಚ್ಚೂದಿಲ್ಲ."

"ಬೆಂಕಿ ಕಂಡ್ರ?"

"ಕಂಡ್ರ ಮೊದಲ ಸುಡಾಕಿ ನಾನ ಅಲ್ಲೇನು? ನಿನಗ್ಯಾಕ ಚಿಂತಿ?"

"ಶನಿವಾರ ಟ್ರ್ಯಾಕ್ಟರ್ ತಂದು ನಾವ ಮಣ್ಣು ಹಾಕತೀವಿ."

"ತರ್ರಿ. ನಾ ಬಾವ್ಯಾಗ ಕುಂತಿರತೀನಿ. ನನ್ನ ಮ್ಯಾಲ ಸುರುವ್ರಿ."

ಹಾಗೆ ಅಂದಳೇ ಹೊರತು ಅವಳಿಗೂ ಒಳಗೊಳಗೇ ಅಳುಕು. ಮರುದಿನ ಬೆಣ್ಣೆಯ ಡಬ್ಬಿಯ ಜೊತೆಗೆ ಒಂದು ತೂತುಗಲ್ಲನ್ನೂ ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದಳು. ಅವಳು ಬೆಣ್ಣೆ ಕೊಡುವ ಮನೆಗಳಲ್ಲಿ ಗಂಗಾದೇವಿಯದೂ ಒಂದು. ಗಂಗಾದೇವಿ ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸುತ್ತಿದ್ದರು.

"ಅಕ್ಕಾರ, ಖರೇ ಹೇಳ್ರಿ. ನನ್ನ ಹೊಲ ಸಿಡಿತೈತೇನ್ರಿ?"

ಗಂಗಾದೇವಿ ಕಲ್ಲನ್ನು ಹೊರಳಿಸಿ ನೋಡಿದರು. "ಇದು ಜ್ವಾಲಾಮುಖಿ ಕಲ್ಲನ ಅದ, ಮಾಯವ್ವ."

ಮಾಯವ್ವ ಅಲ್ಲೇ ಕಟ್ಟೆಯ ಮೇಲೆ ಕೂತಳು.

"ಪೂರಾ ಕೇಳು. ಭೂಮಿ ಆಳದಾಗ ಅಲ್ಲಲ್ಲಿ ಕಲ್ಲು ಕರಗ್ತದ, ಅದು ಹಗುರಾಗಿ ಮ್ಯಾಲ ಏರ್ತದ. ಅದರಾಗ ಗಾಳಿ ಕೂಡಿರ್ತದ. ನುಚ್ಚು ಕುದಿಯೂವಾಗ ನೋಡೀದಿಲ್ಲ? ಗಟ್ಟಿ ಇದ್ದದ್ದು ಸಿಡಿತದ. ಹಾಲು ಹಂಗಲ್ಲ, ಉಕ್ಕಿ ಹರೀತದ. ಕರಗಿದ ಕಲ್ಲಿನ ರಸ ಗಟ್ಟಿ ಇದ್ದಲ್ಲಿ ಗುಡ್ಡನ ಒಡದು ಬೂದಿ, ಕಲ್ಲು ಆಕಾಶಕ್ಕ ತೂರ್ತದ. ನಮ್ಮ ಕಡೆ ರಸ ತೆಳ್ಳಗಿತ್ತು. ನೆಲ ಸೀಳಿ ಬಂದು ಹರೀತು, ಆರಿ ಕರಿಕಲ್ಲಾತು. ಅದರ ಮ್ಯಾಲ ಮತ್ತೊಂದು ಪದರು, ಮತ್ತೊಂದು. ಗುಳ್ಳಿ ಇದ್ದಲ್ಲಿ ತೂತು ಉಳೀತು. ಆಮ್ಯಾಲ ನೀರು ಇಳದು ಆ ತೂತಿನ್ಯಾಗ ಹರಳು ಕಟ್ಟ್ಯಾವ."

"ಆರಿ ಎಷ್ಟು ದಿನ ಆತ್ರಿ?"

"ಆರೂವರಿ ಕೋಟಿ ವರ್ಷ."

ಮಾಯವ್ವ ನಿಟ್ಟುಸಿರು ಬಿಟ್ಟಳು. "ಮತ್ತ ಬಾವ್ಯಾಗಿನ ಹೊಗಿ? ಗಂಧಕದ ವಾಸನಿ?"

"ಚಳಿಯಾಗ ನಿನ್ನ ಬಾಯಿಂದ ಬರೂದಿಲ್ಲೇನು? ಬಾವಿ ಒಳಗ ಬೆಚ್ಚಗಿರ್ತದ. ವಾಸನಿ ಕಲ್ಲು ಒಡ್ಯಾಕ ಹಾಕಿದ ಮದ್ದಿಂದು."

"ನೀರು ಬರತೈತೇನ್ರಿ?"

"ಒಂದ ಪದರಿಗೂ ಇನ್ನೊಂದಕ್ಕೂ ನಡು ಸುಟ್ಟ ಕೆಂಪು ಮಣ್ಣು ಇರ್ತದ. ಅದರ ಮ್ಯಾಲ ನೀರು ನಿಂತಿದ್ರ ಸಿಗ್ತದ. ಸಿಗದೇನೂ ಇರಬಹುದು, ಮಾಯವ್ವ. ನಾ ಮಾತು ಕೊಡಲಾರೆ."

ಶನಿವಾರ ಟ್ರ್ಯಾಕ್ಟರ್ ಬಂದಾಗ ಮಾಯವ್ವ ಸೀರೆ ಕಚ್ಚೆ ಹಾಕಿ ಬಾವಿಯ ತಳದಲ್ಲಿದ್ದಳು. ಯಲ್ಲೇಶ ರಜೆ ಹಾಕಿ ಅವಳ ಜೊತೆಗೇ ಇಳಿದಿದ್ದ. ಸೊಸೆ ಪ್ರಮಿಳಾ ಮೇಲೆ ಹಗ್ಗ ಹಿಡಿದು ನಿಂತಿದ್ದಳು. ದುಂಡಪ್ಪ ಬಗ್ಗಿ ಕರೆದ. ಉತ್ತರವಾಗಿ ಹಾರೆಯ ಸದ್ದು ಕೇಳಿತು, ಅಷ್ಟೆ. ಜನ ಬಿಸಿಲೇರುವ ತನಕ ನಿಂತು ನೋಡಿದರು. ಮಣ್ಣು ಸುರಿಯಲು ಯಾರಿಗೂ ಕೈ ಬರಲಿಲ್ಲ. ಕೊನೆಗೆ ಚಾಲಕ ಟ್ರ್ಯಾಕ್ಟರನ್ನು ತುಂಬಿದ ಮಣ್ಣಿನ ಸಮೇತ ತಿರುಗಿಸಿಕೊಂಡು ಹೋದ.

ತೋಡುವವರಲ್ಲಿ ಉಳವಪ್ಪನೊಬ್ಬ ಮುಂದಿನ ವಾರ ನಾಚುತ್ತ ಮರಳಿದ. ಮಾಯವ್ವ ಬುಟ್ಟಿ ಅವನ ಕೈಗಿತ್ತಳು. ಶಿವರಾತ್ರಿ ಕಳೆದ ಮೇಲೆ ಕೆಂಪು ಪದರು ಕಾಣಿಸಿತು. ಅದರ ಅಂಚಿನಿಂದ ನೀರು ಜಿನುಗಿ ಕಾಲಬುಡ ತೋಯಿಸಿತು.

ಮೊದಲ ಕೊಡ ಮೇಲೆ ಬಂದಾಗ ದುಂಡಪ್ಪ ಅಲ್ಲಿದ್ದ. ಎಷ್ಟು ಬಿಸಿಯೋ ಎಂದು ಒಂದೇ ಬೆರಳು ಅದ್ದಿ ನೋಡಿದ.

"ಸುಟ್ತೇನು?" ಮಾಯವ್ವ ಕೇಳಿದಳು.

"ಇಲ್ಲ ಬಿಡು," ಎಂದು ಬೆರಳನ್ನು ಧೋತರಕ್ಕೆ ಒರೆಸಿಕೊಂಡ.

ಬೇಸಿಗೆಯಲ್ಲಿ ನೀರು ಮೊಳಕಾಲಿಗೆ ಇಳಿಯಿತು. ಎಮ್ಮೆಗಳಿಗೆ, ಒಂದಿಷ್ಟು ಬದನೆ ಗಿಡಕ್ಕೆ ಸಾಕಾಯಿತು. ಊರಿನ ಕೆಲವರು ಆ ನೀರು ಮುಟ್ಟಲಿಲ್ಲ, ಮಾಯವ್ವ ಕರೆಯಲೂ ಇಲ್ಲ. ಮರುವರ್ಷ ಇನ್ನೂ ಆಳ ಮಾಡಿಸುವಾಗ ಯಲ್ಲೇಶ, ಹಿರಿಯರಿಗೆ ಒಂದು ಮಾತು ಹೇಳೋಣವೇ ಅಂದ.

"ಯಾಕ?" ಅಂದವಳೇ ಮಾಯವ್ವ ಹಾರೆ ಎತ್ತಿಕೊಂಡು ಹೊಲಕ್ಕೆ ನಡೆದಳು.